ದಾನಶಾಸನವೂ ಪರವಾನಗಿಯೂ: ಮುಕ್ತ ತಂತ್ರಾಂಶದ ಮರುಹಂಚಿಕೆಯನ್ನು ಕುರಿತು

೧

ಕನ್ನಡದಲ್ಲಿ ಮುಕ್ತ ತಂತ್ರಾಂಶವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಪ್ರಯೋಜನವನ್ನು ವರ್ಣಿಸಿ ನಿಲ್ಲುತ್ತಾರೆ. ಅದು ಬೆಲೆಯಿಲ್ಲದೆ ದೊರೆಯುತ್ತದೆ. ಸೋರ್ಸ್ ಕೋಡ್ ಎಂದು ಕರೆಯುವ ಅದರ ಮೂಲಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ಇತರರಿಗೆ ಕೊಡಬಹುದು. ಈ ಮಾತುಗಳೆಲ್ಲ ನಿಜ. ಆದರೆ ಹೀಗೆ ಕೊಡುವ ಅಧಿಕಾರ ನಮಗೆ ಎಲ್ಲಿಂದ ಬಂದಿತು, ಯಾವ ಕಟ್ಟಳೆಗೆ ಒಳಪಟ್ಟು ಬಂದಿತು, ನಮ್ಮಿಂದ ಪಡೆದವನಿಗೆ ಆ ಕಟ್ಟಳೆ ಹೇಗೆ ದಾಟಿಹೋಗುತ್ತದೆ ಎಂಬ ಪ್ರಶ್ನೆಗಳನ್ನು ವಿಚಾರಿಸುವವರು ವಿರಳ. ಕೊಟ್ಟವರ ಔದಾರ್ಯವನ್ನು ಕೊಂಡಾಡುವ ನಾವು ಅವರು ಬರೆದುಕೊಟ್ಟ ಪತ್ರವನ್ನು ಓದುವ ಶ್ರಮವನ್ನು ತೆಗೆದುಕೊಂಡಿಲ್ಲ. ಪ್ರಕೃತ ಲೇಖನದಲ್ಲಿ ಆ ಪತ್ರವನ್ನೇ, ಎಂದರೆ ಪರವಾನಗಿಯನ್ನೇ, ಮುಂದಿಟ್ಟುಕೊಂಡು ಅದರ ಗುಣದೋಷಗಳನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಇಂದಿನ ತಂತ್ರಾಂಶ ಒಬ್ಬರ ಕೈಕೆಲಸವಲ್ಲ. ಅಕ್ಷರಗಳನ್ನು ತೆರೆಯ ಮೇಲೆ ಕೂಡಿಸುವುದು, ಮಾಹಿತಿಯನ್ನು ಅಣಿಗೊಳಿಸಿ ಇಡುವುದು, ಪುಟಗಳನ್ನು ಬಿಡಿಸುವುದು ಮೊದಲಾದ ಸಾಮಾನ್ಯ ಕಾರ್ಯಗಳಿಗೆ ಬೇರೆಯವರು ಮೊದಲೇ ರಚಿಸಿಟ್ಟ ಭಾಗಗಳುಂಟು. ಅವಕ್ಕೆ ಲೈಬ್ರರಿಗಳೆಂದು ಹೆಸರು. ಒಂದು ಲೈಬ್ರರಿ ಇನ್ನೊಂದನ್ನು, ಅದು ಮತ್ತೊಂದನ್ನು ಆಶ್ರಯಿಸಿರುತ್ತದೆ. ಹೀಗಾಗಿ ನೂರು ಸಾಲು ತಾನೇ ಬರೆದವನು ತನಗೆ ತಿಳಿಯದೆಯೇ ಹತ್ತಾರು ಜನರ ಕೃತಿಗಳನ್ನು ತನ್ನ ಕೃತಿಯೊಡನೆ ಹಂಚುವವನಾಗುತ್ತಾನೆ. ಬಳಸುವವನೆಂಬ ಪಾತ್ರದಿಂದ ಹಂಚುವವನೆಂಬ ಪಾತ್ರಕ್ಕೆ ದಾಟುವ ಈ ಕ್ಷಣದಲ್ಲಿಯೇ ಪರವಾನಗಿಯ ಕಟ್ಟಳೆಗಳಲ್ಲಿ ಬಹುಪಾಲು ಎಚ್ಚರಗೊಳ್ಳುತ್ತವೆ.

ವಿಷಯ ಸ್ಪಷ್ಟವಾಗುವುದಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ವಿದ್ಯಾರ್ಥಿಗಳು ಕೆಲವರು ಕೂಡಿ ತಮ್ಮ ಸೀಮೆಯ ಶಾಸನಗಳ ಸೂಚಿಯೊಂದನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವರೆಂದು ಭಾವಿಸೋಣ. ಊರಿನ ಹೆಸರನ್ನು ಕೊಟ್ಟರೆ ಅಲ್ಲಿನ ಶಾಸನದ ಪಾಠ, ಕಾಲ, ಕಠಿನ ಪದಗಳ ಅರ್ಥ ಇವು ತೆರೆಯ ಮೇಲೆ ಕಾಣಬೇಕು. ಬೇಕಾದವರು ಅದನ್ನು ಪುಟವಾಗಿ ಅಚ್ಚುಹಾಕಿಕೊಳ್ಳುವಂತಿರಬೇಕು. ಇಡೀ ತಂತ್ರಾಂಶವನ್ನು ಯಾರಾದರೂ ಪಡೆದು ಹಂಚುವಂತಿರಬೇಕು. ಸಾಮಗ್ರಿಗೆ ಕೊರತೆಯಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಿತ್ತೂರನ್ನು ಪುನ್ನಾಟದ ರಾಜಧಾನಿಯಾದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ್ದಾರೆ. ಹುಣಸೂರು ಪಿರಿಯಾಪಟ್ಟಣಗಳ ಸೀಮೆ ಚೆಂಗಾಳ್ವರ ನಾಡು. ಕೃಷ್ಣರಾಜನಗರದ ಸೀಮೆಯ ಹನಸೋಗೆ ಜೈನರ ಪುಸ್ತಕಗಚ್ಛದ ಪ್ರಸಿದ್ಧ ನೆಲೆ. ಬಿ. ಎಲ್. ರೈಸ್ ಅವರು ೧೮೯೮ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳು ಹುಣಸೂರು, ಹೆಗ್ಗಡದೇವನಕೋಟೆ, ಯೆಡತೊರೆ ಎಂಬ ತಲೆಬರಹಗಳ ಕೆಳಗೆ ಸೇರಿವೆ. ಪಿರಿಯಾಪಟ್ಟಣಕ್ಕೆ ಅಲ್ಲಿ ಬೇರೆ ವಿಭಾಗವಿಲ್ಲ. ಯೆಡತೊರೆಯ ಸ್ಥಾನದಲ್ಲಿ ಈಗ ಕೃಷ್ಣರಾಜನಗರವಿದೆ.

ಇಂಥ ಸೂಚಿಗೆ ಬೇಕಾಗುವ ಭಾಗಗಳನ್ನು ಎಣಿಸಿದರೆ ನಮ್ಮ ಪ್ರಶ್ನೆಯ ವಿಸ್ತಾರ ತಿಳಿಯುತ್ತದೆ. ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಕ್ಕೆ ಹಾರ್ಫ್‌ಬಜ್ ಎಂಬ ಲೈಬ್ರರಿ. ಇದರ ಪರವಾನಗಿ ಎಂಐಟಿ ಬಗೆಯದು. ಮಾಹಿತಿಯನ್ನು ಇಡುವುದಕ್ಕೆ ಎಸ್‌ಕ್ಯೂಲೈಟ್. ಇದನ್ನು ಕರ್ತೃಗಳು ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟಿದ್ದಾರೆ. ಅಚ್ಚಾದ ಪುಟದ ಚಿತ್ರದಿಂದ ಅಕ್ಷರಗಳನ್ನು ಓದುವುದಕ್ಕೆ ಟೆಸರಾಕ್ಟ್. ಇದು ಅಪಾಚೆ ಪರವಾನಗಿಯಲ್ಲಿದೆ. ಅದು ಆಶ್ರಯಿಸಿರುವ ಲೆಪ್ಟೋನಿಕ ಬಿಎಸ್‌ಡಿ ಬಗೆಯದು. ಪಿಡಿಎಫ್ ಪುಟಗಳನ್ನು ಬಿಡಿಸುವುದಕ್ಕೆ ಪಾಪ್ಲರ್. ಇದು ಜಿಪಿಎಲ್ ಎಂಬ ಪರವಾನಗಿಯದು. ಇವಲ್ಲದೆ ಒಂದು ಕನ್ನಡ ಫಾಂಟು ಬೇಕು, ಒಂದು ನಿಘಂಟು ಬೇಕು. ಹೀಗೆ ಚಿಕ್ಕದೊಂದು ಕೆಲಸದಲ್ಲಿ ಐದಾರು ಬಗೆಯ ಕಟ್ಟಳೆಗಳು ಒಂದೇ ಸೂರಿನ ಕೆಳಗೆ ಕೂಡುತ್ತವೆ.

೨

ಈ ಬಗೆಯ ಕೆಲಸಗಳಲ್ಲಿ ತೊಡಗಿದವರಲ್ಲಿ ಬಳಕೆಯಲ್ಲಿರುವ ಮೂರು ಅಭಿಪ್ರಾಯಗಳನ್ನು ಮೊದಲು ವಿವೇಚಿಸಬೇಕು.

ಮೊದಲನೆಯದು, ಉಚಿತವಾದುದಕ್ಕೆ ಒಡೆಯನಿಲ್ಲವೆಂಬುದು. ಕನ್ನಡದ ಅನುಭವವೇ ಇದನ್ನು ಅಲ್ಲಗಳೆಯುತ್ತದೆ. ಶೇಷಾದ್ರಿವಾಸು ಅವರ 'ಬರಹ' ೧೯೯೮ರಲ್ಲಿ ಹೊರಬಂದು ಬಹುಕಾಲ ಬೆಲೆಯಿಲ್ಲದೆ ದೊರೆಯಿತು; ಮುಂದೆ ಅದಕ್ಕೆ ಬೆಲೆಯಾಯಿತು. 'ನುಡಿ'ಯನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಒದಗಿಸಿತು. ಎರಡರಿಂದಲೂ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಬೆಲೆಯಿಲ್ಲದೆ ಬಳಸಬಹುದೆಂಬುದು ಒಂದು ಮಾತು. ತಿದ್ದಿ ಹಂಚಬಹುದೆಂಬುದು ಬೇರೊಂದು ಮಾತು. ಭಾರತದ ೧೯೫೭ರ ಕೃತಿಸ್ವಾಮ್ಯ ಅಧಿನಿಯಮ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಯ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ. ಪ್ರತಿಮಾಡುವ, ಪ್ರತಿಗಳನ್ನು ಹೊರಡಿಸುವ, ಮಾರ್ಪಡಿಸುವ ಹಕ್ಕು ಕೃತಿಸ್ವಾಮ್ಯವುಳ್ಳವನದು. ಅವನು ಬರೆಹದಲ್ಲಿ ಅನುಮತಿ ಕೊಡದೆ ಆ ಹಕ್ಕು ನಮಗೆ ಬಾರದು. ಪರವಾನಗಿಯಿಲ್ಲದೆ ಬಯಲಿನಲ್ಲಿ ಬಿದ್ದಿರುವ ಮೂಲಬರಹ ಎಲ್ಲರಿಗೂ ಕಾಣುತ್ತದೆ. ಅಷ್ಟರಿಂದ ಅದು ಎಲ್ಲರದೂ ಆಗುವುದಿಲ್ಲ.

ಎರಡನೆಯದು, ನಮ್ಮ ತಂತ್ರಾಂಶದ ಮೇಲೆ ನಾವು ಬರೆದ ಪರವಾನಗಿಯೇ ಅದರೊಳಗಿರುವ ಎಲ್ಲಕ್ಕೂ ಸಲ್ಲುತ್ತದೆಂಬುದು. ಇದು ಹೆಚ್ಚು ಅಪಾಯಕರವಾದ ಭ್ರಮೆ. ೨೦೨೧ರ ಮಾರ್ಚ್ ತಿಂಗಳಲ್ಲಿ ನಡೆದ ಒಂದು ಪ್ರಸಂಗ ಇದಕ್ಕೆ ನಿದರ್ಶನ. ರೂಬಿ ಭಾಷೆಯಲ್ಲಿ ಬರೆದ ಮೈಮ್‌ಮ್ಯಾಜಿಕ್ ಎಂಬ ಸಣ್ಣ ಲೈಬ್ರರಿ ಎಂಐಟಿ ಪರವಾನಗಿಯಲ್ಲಿ ಹಂಚಿಕೆಯಾಗುತ್ತಿತ್ತು. ಕಡತಗಳ ಬಗೆಯನ್ನು ಗುರುತಿಸಲು ಅದು ತನ್ನೊಳಗೆ ಇಟ್ಟುಕೊಂಡಿದ್ದ ಪಟ್ಟಿಯಾದರೋ ಬೇರೆಯವರದು; ಜಿಪಿಎಲ್ ಕಟ್ಟಳೆಗೆ ಒಳಪಟ್ಟದ್ದು. ಇದು ಗೊತ್ತಾದೊಡನೆ ಲೈಬ್ರರಿಯನ್ನು ನೋಡಿಕೊಳ್ಳುತ್ತಿದ್ದವರು ಹಳೆಯ ಆವೃತ್ತಿಗಳನ್ನು ಹಿಂತೆಗೆದುಕೊಂಡರು. ಜಾಲತಾಣಗಳ ರಚನೆಗೆ ವಿಶೇಷವಾಗಿ ಬಳಕೆಯಲ್ಲಿದ್ದ ರೂಬಿ ಆನ್ ರೈಲ್ಸ್ ಈ ಲೈಬ್ರರಿಯನ್ನು ಆಶ್ರಯಿಸಿತ್ತು. ಆದುದರಿಂದ ಈ ಪಟ್ಟಿಯ ಹೆಸರನ್ನೇ ಕೇಳಿರದ ಅಸಂಖ್ಯರ ಕೆಲಸಗಳು ಒಂದೇ ದಿನದಲ್ಲಿ ಕೈಕೊಟ್ಟವು. ಕೆಲವು ದಿನಗಳಲ್ಲಿಯೇ ರೈಲ್ಸ್ ಅದನ್ನು ತೊರೆದು ಬೇರೆ ದಾರಿ ಹಿಡಿಯಿತು. ಇಲ್ಲಿ ಗಮನಿಸತಕ್ಕುದು ತಪ್ಪಿನ ಫಲ ಯಾರ ಮೇಲೆ ಬಿದ್ದಿತೆಂಬುದು. ಪಟ್ಟಿಯನ್ನು ಕೊಟ್ಟವರಿಗೆ ನಷ್ಟವಾಗಲಿಲ್ಲ. ಸಾಲಿನ ಕೊನೆಯಲ್ಲಿ ನಂಬಿ ಪಡೆದವರಿಗೆ ಆಯಿತು. ಮರುಹಂಚಿಕೆಯಲ್ಲಿ ಅಲಕ್ಷ್ಯ ಮಾಡುವವನು ಅನ್ಯಾಯವೆಸಗುವುದು ಹಿಂದಿನ ದಾನಿಗೆ ಮಾತ್ರವಲ್ಲ, ಮುಂದಿನ ಪ್ರತಿಗ್ರಹಿಗೂ ಸಹ.

ಮೂರನೆಯದು, ವಿದ್ಯಾರ್ಥಿಗಳ ಕೆಲಸವಾದುದರಿಂದ, ಲಾಭದ ಉದ್ದೇಶವಿಲ್ಲದುದರಿಂದ, ಈ ನಿಯಮಗಳು ನಮಗೆ ತಟ್ಟುವುದಿಲ್ಲವೆಂಬ ಸಮಾಧಾನ. ಮುಕ್ತ ಪರವಾನಗಿಯ ಸ್ವರೂಪವನ್ನು ತಿಳಿಯದವರು ಮಾತ್ರ ಹೀಗೆ ಹೇಳಬಲ್ಲರು. ವ್ಯಾಪಾರಿಯೆಂದು ಯಾರನ್ನೂ ಹೊರಗಿಡಬಾರದೆಂಬುದು ಮುಕ್ತ ತಂತ್ರಾಂಶದ ಲಕ್ಷಣಗಳಲ್ಲಿ ಒಂದು. ಅದೇ ಕಾರಣದಿಂದ, ವ್ಯಾಪಾರಿಯಲ್ಲವೆಂದು ಯಾರಿಗೂ ಅದರಲ್ಲಿ ರಿಯಾಯಿತಿಯೂ ಇಲ್ಲ. ಅಮೆರಿಕದಲ್ಲಿ ಜೇಕಬ್‌ಸನ್ ಮತ್ತು ಕ್ಯಾಟ್ಜರ್ ಎಂಬವರ ನಡುವಿನ ವ್ಯಾಜ್ಯ ಆಟಿಕೆ ರೈಲುಗಳನ್ನು ನಡೆಸುವ ತಂತ್ರಾಂಶವೊಂದಕ್ಕೆ ಸಂಬಂಧಿಸಿದುದು. ಆ ತಂತ್ರಾಂಶವನ್ನು ಹವ್ಯಾಸಿಗಳು ಉಚಿತವಾಗಿ ಹಂಚುತ್ತಿದ್ದರು. ಅದರ ಭಾಗಗಳನ್ನು ತೆಗೆದುಕೊಂಡವರು ಕರ್ತೃವಿನ ಹೆಸರು, ಮಾರ್ಪಾಡಿನ ಸೂಚನೆ ಮೊದಲಾದವನ್ನು ಉಳಿಸಿಕೊಳ್ಳಲಿಲ್ಲವೆಂಬುದು ದೂರು. ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ೨೦೦೮ರ ಆಗಸ್ಟಿನಲ್ಲಿ ಕೊಟ್ಟ ತೀರ್ಪಿನ ಸಾರವಿಷ್ಟು: ಹಣ ಪಡೆಯದ ಕರ್ತೃವಿಗೂ ತನ್ನ ಕಟ್ಟಳೆಯಲ್ಲಿ ಹಿತಾಸಕ್ತಿಯುಂಟು, ಆ ಕಟ್ಟಳೆಯನ್ನು ಮೀರಿ ಹಂಚಿದರೆ ಕೃತಿಸ್ವಾಮ್ಯದ ಉಲ್ಲಂಘನೆಯೇ ಆಗಬಹುದು. ಇದು ನಮ್ಮ ನ್ಯಾಯಾಲಯಗಳನ್ನು ಬಂಧಿಸುವ ತೀರ್ಪಲ್ಲ. ಆದರೂ ತರ್ಕದ ದೃಷ್ಟಿಯಿಂದ ಗೌರವಾರ್ಹವಾದುದು.

೩

ಈಗ ಪರವಾನಗಿಗಳ ಪಾಠವನ್ನೇ ಪರಿಶೀಲಿಸೋಣ. ಇದಕ್ಕೆ ನಾವು ನಮ್ಮ ಸೂಚಿಯ ವಸ್ತುವಾದ ದಾನಶಾಸನಗಳನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳುತ್ತೇವೆ. ದಾನಶಾಸನದ ಅಂಗಗಳು ಓದುಗರಿಗೆ ಪರಿಚಿತವಾದುವೇ: ಕೊಟ್ಟವನು, ಕೊಂಡವನು, ಕಾಲ, ಕೊಟ್ಟ ವಸ್ತು, ಅದರ ಚತುಸ್ಸೀಮೆ, ಅದರೊಡನೆ ಸಂದ ಹಕ್ಕುಗಳು, ದಾನದ ಅವಧಿ, ಕೊನೆಗೆ ಶಾಪಾಶಯ. ಒಳ್ಳೆಯ ಶಾಸನದಲ್ಲಿ ಇವುಗಳಲ್ಲಿ ಯಾವುದನ್ನೂ ಊಹೆಗೆ ಬಿಟ್ಟಿರುವುದಿಲ್ಲ. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು ಹೆಸರಿಸಿ ಕೊಡುವುದುಂಟು. ಪಡೆದವನು ಅದನ್ನು ದಾನಮಾಡಬಹುದೆ, ಒತ್ತೆಯಿಡಬಹುದೆ, ಮಾರಬಹುದೆ ಎಂಬುದನ್ನೂ ವಿಜಯನಗರ ಕಾಲದ ಹಲವು ಶಾಸನಗಳು ಸ್ಪಷ್ಟಪಡಿಸುತ್ತವೆ.

ಹೋಲಿಕೆಗೆ ಮಿತಿಯುಂಟು, ಅದನ್ನು ಮೊದಲೇ ಹೇಳಿಬಿಡುವುದು ಯುಕ್ತ. ಭೂಮಿಯನ್ನು ಕೊಟ್ಟವನಿಗೆ ಆ ಭೂಮಿ ತಪ್ಪುತ್ತದೆ. ತಂತ್ರಾಂಶವನ್ನು ಕೊಟ್ಟವನಲ್ಲಿ ಅದು ಹಾಗೆಯೇ ಉಳಿಯುತ್ತದೆ. ಶಾಸನದ ಪ್ರತಿಗ್ರಹಿ ಗೊತ್ತಾದ ವ್ಯಕ್ತಿ ಅಥವಾ ದೇವಾಲಯ. ಪರವಾನಗಿಯ ಪ್ರತಿಗ್ರಹಿ ಪ್ರತಿಯನ್ನು ಪಡೆದ ಯಾರಾದರೂ ಸರಿ. ಆದರೂ ಎರಡೂ ಕೊಡುವ ಪತ್ರಗಳು; ಎರಡೂ ಕೊಟ್ಟವನು ಎದುರಿಗಿಲ್ಲದ ಕಾಲದಲ್ಲಿ ಅವನ ಇಚ್ಛೆಯನ್ನು ಸಾಧಿಸಬೇಕಾದುವು.

ಎಂಐಟಿ ಪರವಾನಗಿ ಕೆಲವೇ ವಾಕ್ಯಗಳ ಬರಹ. ಅದು ಕೇಳುವುದು ಒಂದೇ ಒಂದನ್ನು: ಕೃತಿಸ್ವಾಮ್ಯದ ಸೂಚನೆಯೂ ಅನುಮತಿಯ ಈ ಬರಹವೂ ಎಲ್ಲ ಪ್ರತಿಗಳಲ್ಲಿ, ದೊಡ್ಡ ಭಾಗವನ್ನು ತೆಗೆದುಕೊಂಡಲ್ಲಿ ಅದರಲ್ಲಿಯೂ, ಇರಬೇಕು. ಇಷ್ಟು ಹಗುರವಾದ ಕಟ್ಟಳೆಯನ್ನೇ ಜನ ಹೆಚ್ಚಾಗಿ ಮುರಿಯುವುದು ಸೋಜಿಗ. ಲೈಬ್ರರಿಯ ಮೂಲಬರಹದಲ್ಲಿ ಸೂಚನೆಯಿರುತ್ತದೆ; ಅದನ್ನು ಯಂತ್ರಭಾಷೆಗೆ ಪರಿವರ್ತಿಸಿ ಮೊಬೈಲ್ ಫೋನಿಗೆ ಹೊಂದಿಸಿದಾಗ ಆ ಸೂಚನೆ ಕಳಚಿಹೋಗುತ್ತದೆ. ಹಂಚುವವನು ತಾನಾಗಿ ಎತ್ತಿಡದಿದ್ದರೆ ಹೆಸರು ಉಳಿಯದು. ಹನಸೋಗೆಯ ಶಾಸನಗಳನ್ನು ಇಲ್ಲಿ ನೆನೆಯಬೇಕು. ಅಲ್ಲಿನ ಬಸದಿಗಳ ಮೂಲವನ್ನು ಅವು ದಶರಥಪುತ್ರನಾದ ರಾಮನವರೆಗೆ ಒಯ್ದು, ನಡುವಣ ದಾನಿಗಳನ್ನು ಹೆಸರಿಸಿ, ಹನ್ನೊಂದನೆಯ ಶತಮಾನದ ಚೆಂಗಾಳ್ವ ಅರಸನ ಜೀರ್ಣೋದ್ಧಾರಕ್ಕೆ ಬರುತ್ತವೆ. ರಾಮನ ಮಾತು ಐತಿಹ್ಯ, ಇತಿಹಾಸವಲ್ಲ. ಆದರೆ ಹೊಸದಾಗಿ ಕಟ್ಟಿಸಿದವನು ತನಗಿಂತ ಹಿಂದಿನವರ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸಲಿಲ್ಲವೆಂಬುದು ಇಲ್ಲಿ ಮುಖ್ಯ. ಎಂಐಟಿ ಪರವಾನಗಿ ಕೇಳುವುದು ಈ ಸೌಜನ್ಯಕ್ಕಿಂತ ಹೆಚ್ಚಿನದನ್ನಲ್ಲ.

೨೦೦೪ರ ಅಪಾಚೆ ಪರವಾನಗಿಯ ಎರಡನೆಯ ಆವೃತ್ತಿ ಇದಕ್ಕಿಂತ ವಿವರವಾದುದು. ಪರವಾನಗಿಯ ಪ್ರತಿಯನ್ನು ಜೊತೆಗಿಡಬೇಕು; ತಿದ್ದಿದ ಕಡತಗಳಲ್ಲಿ ತಿದ್ದಿದೆವೆಂದು ಗುರುತಿಸಬೇಕು; ಮೂಲದಲ್ಲಿ ನೋಟೀಸ್ ಎಂಬ ಕಡತವಿದ್ದರೆ ಅದರಲ್ಲಿನ ಹೆಸರುಗಳನ್ನು ಮುಂದಕ್ಕೆ ಒಯ್ಯಬೇಕು. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಪಾಠವನ್ನು ತಿದ್ದಿದ ಸಂಪಾದಕ ತಿದ್ದಿದ ಸ್ಥಳವನ್ನು ಅಡಿಯಲ್ಲಿ ತೋರಿಸದಿದ್ದರೆ ನಾವು ಅವನನ್ನು ಕ್ಷಮಿಸುತ್ತೇವೆಯೆ?

ಜಿಪಿಎಲ್‌ನ ಪ್ರಕೃತಿ ಬೇರೆ. ೧೯೮೯ರಲ್ಲಿ ಮೊದಲು ಹೊರಬಂದು, ೧೯೯೧ರಲ್ಲಿಯೂ ೨೦೦೭ರಲ್ಲಿಯೂ ಪರಿಷ್ಕೃತವಾದ ಈ ಪರವಾನಗಿಯ ಇಂಗಿತವೆಂದರೆ, ಪಡೆದವನು ತಾನು ಪಡೆದ ಸ್ವಾತಂತ್ರ್ಯವನ್ನೇ ಮುಂದಿನವನಿಗೂ ಕೊಡಬೇಕೆಂಬುದು. ಆದುದರಿಂದ ಜಿಪಿಎಲ್ ಲೈಬ್ರರಿಯೊಡನೆ ಬೆರೆತು ಒಂದೇ ಕೃತಿಯಾದ ತಂತ್ರಾಂಶವನ್ನು ಹಂಚುವಾಗ ಇಡಿಯ ಕೃತಿಯನ್ನೂ ಅದೇ ಕಟ್ಟಳೆಯಲ್ಲಿ, ಮೂಲಬರಹದೊಡನೆ, ಕೊಡಬೇಕಾಗುತ್ತದೆ. ಇದನ್ನು ಕೆಲವರು ಅಂಟುರೋಗವೆಂದು ಹಳಿಯುತ್ತಾರೆ. ಈ ನಿಂದೆ ಸರಿಯಲ್ಲ. ಇಷ್ಟವಿಲ್ಲದವನು ಆ ಲೈಬ್ರರಿಯನ್ನು ಬಿಡಲು ಸ್ವತಂತ್ರ. ನಮ್ಮ ಆಕ್ಷೇಪಣೆ ಇರುವುದು ಬೇರೆ ಕಡೆ. ಜಿಪಿಎಲ್ ತನ್ನ ಎಲ್ಲೆಯನ್ನು ಶಾಸನದಷ್ಟು ಖಚಿತವಾಗಿ ಗುರುತಿಸಿಲ್ಲ. ಮೂಡಲಿಗೆ ಹಳ್ಳ, ತೆಂಕಲಿಗೆ ನಟ್ಟ ಕಲ್ಲು ಎಂದು ಶಾಸನ ಕೈಹಿಡಿದು ತೋರಿಸುತ್ತದೆ. ಜಿಪಿಎಲ್ ಆದರೋ, ಮೂಲವನ್ನು ಆಧರಿಸಿದ ಕೃತಿಗೆ ಕಟ್ಟಳೆ ಸಲ್ಲುತ್ತದೆ, ಒಂದೇ ತಟ್ಟೆಯಲ್ಲಿ ಜೊತೆಗಿಟ್ಟ ಮಾತ್ರಕ್ಕೆ ಸಲ್ಲುವುದಿಲ್ಲ ಎನ್ನುತ್ತದೆ. ಆಧರಿಸುವುದು ಎಲ್ಲಿ ಮುಗಿದು ಜೊತೆಗಿರುವುದು ಎಲ್ಲಿ ತೊಡಗುತ್ತದೆ? ನಮ್ಮ ಸೂಚಿ ಪಾಪ್ಲರನ್ನು ತನ್ನೊಳಗೆ ಸೇರಿಸಿಕೊಂಡರೆ ಉತ್ತರ ಸುಲಭ. ಬೇರೆಯಾಗಿಯೇ ನಡೆಯುವ ಅದರ ಉಪಕರಣವನ್ನು ಹೊರಗಿನಿಂದ ಕರೆದು ಫಲವನ್ನಷ್ಟೆ ಪಡೆದರೆ ಅವು ಎರಡು ಕೃತಿಗಳೆಂದು ಪರವಾನಗಿಯನ್ನು ರಚಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸಾಮಾನ್ಯವಾಗಿ ಒಪ್ಪುತ್ತದೆ. ನಡುವಣ ಬಗೆಗಳ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ಈ ತೊಡಕನ್ನು ಸಡಿಲಿಸಲೆಂದೇ ಎಲ್‌ಜಿಪಿಎಲ್ ಎಂಬ ಮೃದುವಾದ ರೂಪ ಹುಟ್ಟಿತು. ಅದರಲ್ಲಿ ನಮ್ಮ ತಂತ್ರಾಂಶ ಬೇರೆ ಪರವಾನಗಿಯಲ್ಲಿರಬಹುದು. ಆದರೆ ಬಳಸುವವನು ಲೈಬ್ರರಿಯನ್ನು ತಾನು ತಿದ್ದಿದ ರೂಪದಿಂದ ಬದಲಿಸಿಕೊಳ್ಳುವುದಕ್ಕೆ ಎಡೆಯಿರಬೇಕು.

ಕಟ್ಟಳೆಗಳು ಒಂದಕ್ಕೊಂದು ವಿರೋಧಿಸುವ ಸಂದರ್ಭವೂ ಉಂಟು. ಅಪಾಚೆ ಪರವಾನಗಿಯ ಕೆಲವು ನಿಬಂಧನೆಗಳು ಜಿಪಿಎಲ್‌ನ ಎರಡನೆಯ ಆವೃತ್ತಿಗೆ ಹೊಂದುವುದಿಲ್ಲ, ಮೂರನೆಯದಕ್ಕೆ ಹೊಂದುತ್ತವೆ ಎಂಬುದು ಆ ಸಂಸ್ಥೆಯ ಅಭಿಪ್ರಾಯ. ಆದುದರಿಂದ ಎರಡನೆಯ ಆವೃತ್ತಿಗೆ ಮಾತ್ರ ಕಟ್ಟುಬಿದ್ದ ಲೈಬ್ರರಿಯನ್ನು ಟೆಸರಾಕ್ಟಿನೊಡನೆ ಬೆರೆಸಿ ಒಂದೇ ಕೃತಿಯಾಗಿ ಹಂಚಿದರೆ, ಇಬ್ಬರು ದಾನಿಗಳೂ ಉದಾರಿಗಳಾಗಿದ್ದರೂ ಅವರ ಪತ್ರಗಳು ಕೂಡಿ ಬಾಳಲಾರವು. ಎರಡನೆಯ ಅಥವಾ ಮುಂದಿನ ಯಾವುದೇ ಆವೃತ್ತಿ ಎಂಬ ಮಾತು ಮೂಲದಲ್ಲಿದೆಯೆ ಇಲ್ಲವೆ ಎಂಬ ಒಂದು ಪದಪುಂಜದ ಮೇಲೆ ಇಡೀ ಕೆಲಸದ ಹಣೆಬರಹ ನಿಂತಿರುತ್ತದೆ. ಪಾಠವನ್ನು ಎಚ್ಚರದಿಂದ ಓದಬೇಕೆನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಶಾಪಾಶಯದ ವಿಷಯದಲ್ಲಿಯೂ ತಾರತಮ್ಯವಿದೆ. ಜಿಪಿಎಲ್‌ನ ಎರಡನೆಯ ಆವೃತ್ತಿಯಲ್ಲಿ ಕಟ್ಟಳೆಯನ್ನು ಮೀರಿದವನ ಹಕ್ಕು ಅದೇ ಕ್ಷಣದಲ್ಲಿ ನಷ್ಟವಾಗುತ್ತದೆ; ಮರಳಿ ಪಡೆಯುವ ದಾರಿಯನ್ನು ಹೇಳಿಲ್ಲ. ಮೂರನೆಯ ಆವೃತ್ತಿ ಪ್ರಾಯಶ್ಚಿತ್ತಕ್ಕೆ ಅವಕಾಶ ಕೊಟ್ಟಿದೆ: ಮೊದಲ ಬಾರಿಗೆ ತಪ್ಪಿದವನು ಸೂಚನೆ ತಲಪಿದ ೩೦ ದಿನಗಳೊಳಗೆ ಸರಿಪಡಿಸಿಕೊಂಡರೆ ಅವನ ಹಕ್ಕು ಹಿಂದಿರುಗುತ್ತದೆ. ಇದು ನಿಜವಾದ ಸುಧಾರಣೆ. ಎಸ್‌ಕ್ಯೂಲೈಟಿನ ಮೂಲಬರಹದಲ್ಲಿ ಕಾನೂನಿನ ಸೂಚನೆಯಿರಬೇಕಾದ ಸ್ಥಳದಲ್ಲಿ ಓದುಗನಿಗೆ ಒಂದು ಆಶೀರ್ವಾದವಿದೆ. ಶಾಪವಿಲ್ಲದ ದಾನವೆಂದು ನಮಗೆ ಅದು ಪ್ರಿಯವಾಗುತ್ತದೆ. ಆದರೆ ಸಾರ್ವಜನಿಕ ಸ್ವತ್ತೆಂಬ ಭಾವನೆಯನ್ನು ಸಂದೇಹಿಸುವ ದೇಶಗಳ ಸಂಸ್ಥೆಗಳಿಗೆಂದು ಅದರ ಕರ್ತೃಗಳೇ ಹಣಕ್ಕೆ ಹಕ್ಕುಪತ್ರವನ್ನು ಮಾರುತ್ತಾರೆ. ಪತ್ರವಿಲ್ಲದ ಔದಾರ್ಯ ಎಲ್ಲೆಡೆಯೂ ನಡೆಯುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

೪

ಶಾಸನದ ಅಂಗಗಳಲ್ಲಿ ಅವಧಿಯೆಂಬುದೊಂದನ್ನು ಹೇಳಿದೆವು. ಆಚಂದ್ರಾರ್ಕವಾಗಿ ಸಲ್ಲಲೆಂದು ಬರೆಯಿಸುವುದು ಹಿಂದಿನವರ ಪದ್ಧತಿ. ಇದನ್ನು ನಾವು ಅಲಂಕಾರವೆಂದು ಭಾವಿಸಿ ಮುಂದಕ್ಕೆ ಹೋಗುತ್ತೇವೆ. ಭಾರತದ ಕೃತಿಸ್ವಾಮ್ಯ ಅಧಿನಿಯಮವನ್ನು ಓದಿದರೆ ಅದು ಅಲಂಕಾರವಲ್ಲವೆಂದು ತಿಳಿಯುತ್ತದೆ.

ಅಧಿನಿಯಮದ ೧೯ನೆಯ ಪ್ರಕರಣ ಕೃತಿಸ್ವಾಮ್ಯದ ವರ್ಗಾವಣೆಗೆ ಸಂಬಂಧಿಸಿದುದು. ವರ್ಗಾವಣೆಯ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷವೆಂದು ತಿಳಿಯತಕ್ಕದ್ದು. ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದು ತಿಳಿಯತಕ್ಕದ್ದು. ೧೯೯೪ರ ತಿದ್ದುಪಡಿಯಿಂದ ಬಂದ ೩೦ಎ ಪ್ರಕರಣ ಈ ನಿಯಮಗಳನ್ನು, ಅವಶ್ಯವಾದ ಮಾರ್ಪಾಡುಗಳೊಡನೆ, ಪರವಾನಗಿಗಳಿಗೂ ಅನ್ವಯಿಸಿದೆ. ಕರ್ತೃವಿನ ಪಾಲಿಗೆ ಇದು ರಕ್ಷೆ. ತಿಳಿಯದೆ ಸಹಿ ಹಾಕಿದ ಲೇಖಕ ತನ್ನ ಕೃತಿಯನ್ನು ಎಂದೆಂದಿಗೂ ಕಳೆದುಕೊಳ್ಳಬಾರದೆಂಬುದು ಇದರ ಆಶಯ. ಆದರೆ ಲೋಕಕ್ಕೆಲ್ಲ ಕೊಡಬಯಸುವ ಕರ್ತೃವಿಗೆ ಇದೇ ತೊಡಕಾಗುತ್ತದೆ. ಅಪಾಚೆ ಪರವಾನಗಿ ತಾನು ಶಾಶ್ವತವೆಂದೂ ಸಕಲ ದೇಶಗಳಿಗೆ ಸಲ್ಲುವುದೆಂದೂ ಹೇಳಿಕೊಳ್ಳುತ್ತದೆ. ಜಿಪಿಎಲ್‌ನ ಮೂರನೆಯ ಆವೃತ್ತಿ ಕೃತಿಸ್ವಾಮ್ಯ ಇರುವವರೆಗೂ ಎನ್ನುತ್ತದೆ. ಎಂಐಟಿ ಪರವಾನಗಿ ಎರಡನ್ನೂ ಹೇಳುವುದಿಲ್ಲ. ಹಾಗಾದರೆ ಹುಣಸೂರಿನ ವಿದ್ಯಾರ್ಥಿನಿಯೊಬ್ಬಳು ತಾನು ಬರೆದ ಲೈಬ್ರರಿಯನ್ನು ಎಂಐಟಿ ಪರವಾನಗಿಯಲ್ಲಿ ಬಿಟ್ಟುಕೊಟ್ಟರೆ ಆ ಕೊಡುಗೆ ಐದು ವರ್ಷಕ್ಕೆ ಮುಗಿಯುತ್ತದೆಯೆ? ಧಾರವಾಡದಲ್ಲಿ ಸಲ್ಲುವ ಅನುಮತಿ ಅಮೆರಿಕದ ಕನ್ನಡಿಗರಿಗೆ ಸಲ್ಲದೆ ಹೋಗುತ್ತದೆಯೆ?

ಅವಶ್ಯವಾದ ಮಾರ್ಪಾಡುಗಳೊಡನೆ ಎಂಬ ಮಾತನ್ನು ಹಿಡಿದು ವಾದಿಸಲು ಎಡೆಯಿದೆ. ಒಬ್ಬನೊಡನೆ ಮಾಡಿಕೊಂಡ ಕರಾರಿಗೂ ಸರ್ವರಿಗೂ ಹೊರಡಿಸಿದ ಅನುಮತಿಗೂ ಭೇದವಿದೆಯೆಂದೂ, ಎರಡನೆಯದರಲ್ಲಿ ಕರ್ತೃವಿನ ಉದ್ದೇಶ ಸ್ವಯಂವ್ಯಕ್ತವೆಂದೂ ಹೇಳಬಹುದು. ನಮಗೂ ಆ ಪಕ್ಷವೇ ನ್ಯಾಯವೆಂದು ತೋರುತ್ತದೆ. ಆದರೆ ವಾದಕ್ಕೆ ಎಡೆಗೊಡುವ ಪತ್ರ ಒಳ್ಳೆಯ ಪತ್ರವಲ್ಲ. ಈ ಪರವಾನಗಿಗಳು ಬೇರೊಂದು ದೇಶದ ಕಾನೂನಿನ ವಾತಾವರಣದಲ್ಲಿ ಹುಟ್ಟಿದವು. ಅಲ್ಲಿ ಮೌನ ಅಪಾಯಕರವಲ್ಲದಿರಬಹುದು. ಇಲ್ಲಿ ಮೌನಕ್ಕೆ ಶಾಸಕಾಂಗವೇ ಅರ್ಥವನ್ನು ಕೊಟ್ಟಿದೆ. ನಮ್ಮವರು ತಾವು ಕೊಡುವಾಗ ಅವಧಿಯನ್ನೂ ಪ್ರದೇಶವನ್ನೂ ಹೆಸರಿಸುವ ಪರವಾನಗಿಯನ್ನು ಆರಿಸಬೇಕು. ಚಿಕ್ಕ ಪರವಾನಗಿಯೇ ಇಷ್ಟವೆಂದಾದರೆ ಕೃತಿಸ್ವಾಮ್ಯ ಇರುವಷ್ಟು ಕಾಲ, ಎಲ್ಲ ದೇಶಗಳಿಗೂ ಎಂಬ ಒಂದು ಸಾಲನ್ನು ತಮ್ಮ ಹೇಳಿಕೆಯಲ್ಲಿ ಸೇರಿಸಬೇಕು. ಆಚಂದ್ರಾರ್ಕವೆಂದು ಕೆತ್ತಿಸಿದ ಗ್ರಾಮಸ್ಥರಿಗಿದ್ದ ಎಚ್ಚರ ನಮಗೂ ಇರಬೇಕಾದುದು.

೫

ಲೈಬ್ರರಿಗಳಷ್ಟೇ ಅಲ್ಲದೆ ಫಾಂಟು, ನಿಘಂಟು, ಪಾಠ ಇವೂ ತಂತ್ರಾಂಶದೊಡನೆ ಸಾಗುತ್ತವೆ. ಕನ್ನಡಕ್ಕೆ ಸಂಬಂಧಿಸಿದ ಸೂಕ್ಷ್ಮಗಳು ಹೆಚ್ಚಾಗಿರುವುದು ಇಲ್ಲಿಯೇ.

ಫಾಂಟನ್ನು ಪಿಡಿಎಫ್ ಪುಟದೊಳಗೆ ಅಡಕಮಾಡುವುದು ವಾಡಿಕೆ. ಆ ಫಾಂಟು ಬರಿಯ ಜಿಪಿಎಲ್‌ನಲ್ಲಿದ್ದರೆ ಅದನ್ನು ಒಳಗೊಂಡ ಪ್ರಬಂಧವೂ ಜಿಪಿಎಲ್‌ಗೆ ಒಳಪಡುವುದೆ ಎಂಬ ಸಂದೇಹ ಹುಟ್ಟುತ್ತದೆ. ಇದನ್ನು ನಿವಾರಿಸಲು ಫಾಂಟಿನ ಅಪವಾದವೆಂಬ ಒಂದು ವಾಕ್ಯವನ್ನು ಸೇರಿಸುವ ಪದ್ಧತಿ ಬಂದಿತು. ಮುಂದೆ ಎಸ್‌ಐಎಲ್ ಸಂಸ್ಥೆ ಫಾಂಟುಗಳಿಗೆಂದೇ ಒಎಫ್‌ಎಲ್ ಪರವಾನಗಿಯನ್ನು ರಚಿಸಿತು. ಅದರ ಈಗಿನ ಆವೃತ್ತಿ ೨೦೦೭ರದು. ಲೋಹಿತ್ ಫಾಂಟುಗಳು ೨೦೧೧ರಲ್ಲಿ ಜಿಪಿಎಲ್‌ನಿಂದ, ನೋಟೊ ಫಾಂಟುಗಳು ೨೦೧೫ರಲ್ಲಿ ಅಪಾಚೆಯಿಂದ ಇದಕ್ಕೆ ಬಂದವು. ಕನ್ನಡದ 'ನವಿಲು' ಫಾಂಟೂ ಇದೇ ಪರವಾನಗಿಯದು. ಅದರ ಕರ್ತೃಗಳದೇ ಆದ 'ಗುಬ್ಬಿ' ಜಿಪಿಎಲ್‌ನದು. ಒಂದೇ ಕೈಯಿಂದ ಬಂದ ಎರಡು ಫಾಂಟುಗಳಿಗೆ ಎರಡು ಕಟ್ಟಳೆಗಳಿರುವುದನ್ನು ಗಮನಿಸಬೇಕು. ಒಎಫ್‌ಎಲ್‌ನಲ್ಲಿ ಫಾಂಟನ್ನು ಯಾವ ತಂತ್ರಾಂಶದೊಡನೆಯಾದರೂ ಹಂಚಬಹುದು. ಅದೊಂದನ್ನೇ ಬೇರೆಯಾಗಿ ಮಾರಬಾರದು. ಅದರಿಂದ ರಚಿಸಿದ ಪುಟಗಳಿಗೆ ಕಟ್ಟಳೆ ಅಂಟುವುದಿಲ್ಲ. ಕರ್ತೃ ಹೆಸರನ್ನು ಕಾದಿರಿಸಿದ್ದರೆ, ತಿದ್ದಿದ ಫಾಂಟಿಗೆ ಆ ಹೆಸರನ್ನು ಇಡಲಾಗದು. ಶಾಸನಗಳಿಗೆ ಬೇಕಾದ ಹಳಗನ್ನಡದ ಱ, ೞ ಅಕ್ಷರಗಳನ್ನು ತಿದ್ದಿ ಕೂಡಿಸುವ ವಿದ್ಯಾರ್ಥಿ ಈ ನಿಯಮವನ್ನು ಮರೆಯಬಾರದು. ತನ್ನ ತಿದ್ದುಪಡಿಯ ಹೊಣೆಯನ್ನು ತಾನು ಹೊತ್ತು, ಮೂಲದ ಹೆಸರನ್ನು ಮೂಲಕ್ಕೆ ಬಿಡುವುದು ನ್ಯಾಯವೂ ಹೌದು.

ಅರ್ಥಕೋಶಕ್ಕೆ ವಿ. ಕೃಷ್ಣ ಅವರು ಹಲವು ದಶಕಗಳ ಕಾಲ ಸಂಕಲಿಸಿದ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟು ಇದೆ. ೨೦೧೯ರಲ್ಲಿ ಲೋಕಾರ್ಪಣೆಯಾದ ಇದರಲ್ಲಿ ಒಂದೂವರೆ ಲಕ್ಷಕ್ಕೆ ಮೀರಿದ ಪದಗಳಿವೆ. ಇದರ ಪರವಾನಗಿ ಓಪನ್ ಡೇಟಾಬೇಸ್ ಲೈಸೆನ್ಸ್ ಎಂಬುದು. ನಿಘಂಟಿನಿಂದ ಅರ್ಥವನ್ನು ತೋರಿಸುವವನು ಮೂಲವನ್ನು ಹೆಸರಿಸಬೇಕು. ನಿಘಂಟನ್ನೇ ತಿದ್ದಿ ಬೆಳೆಸಿ ಹೊರತಂದರೆ ಆ ಬೆಳೆದ ನಿಘಂಟನ್ನು ಅದೇ ಕಟ್ಟಳೆಯಲ್ಲಿ ಲೋಕಕ್ಕೆ ಕೊಡಬೇಕು. ಒಬ್ಬರ ಆಯುಷ್ಯದ ದುಡಿಮೆಗೆ ಇದು ಹೆಚ್ಚಿನ ಕಾಣಿಕೆಯೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ೨೦೧೪ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದುದು ಇಂಥದೇ ಇನ್ನೊಂದು ಉಪಕಾರ. ಆದರೆ ಆ ಪರವಾನಗಿ ಬರಹಕ್ಕೆ ತಕ್ಕುದು. ಅದನ್ನು ತಂತ್ರಾಂಶಕ್ಕೆ ಬಳಸಬೇಡಿರೆಂದು ಅದನ್ನು ರಚಿಸಿದವರೇ ಹೇಳುತ್ತಾರೆ. ಆದುದರಿಂದ ಸೂಚಿಯಲ್ಲಿ ಬರಹಕ್ಕೊಂದು, ತಂತ್ರಾಂಶಕ್ಕೊಂದು ಪ್ರತ್ಯೇಕ ಹೇಳಿಕೆಯಿರಬೇಕು.

ಪಾಠದ ವಿಷಯ ಕೊನೆಯದು. ರೈಸ್ ಅವರು ೧೯೨೭ರಲ್ಲಿ ತೀರಿಕೊಂಡರು. ೧೮೯೮ರ ಸಂಪುಟ ಎಂದೋ ಸಾರ್ವಜನಿಕವಾಗಿದೆ. ೧೯೭೦ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳ ಮಾತು ಹಾಗಲ್ಲ. ಕಲ್ಲಿನ ಮೇಲಿನ ಬರಹಕ್ಕೆ ಇಂದು ಯಾರ ಕೃತಿಸ್ವಾಮ್ಯವೂ ಇಲ್ಲದಿರಬಹುದು; ಆದರೆ ಸಂಪಾದಕರ ಪೀಠಿಕೆ, ಟಿಪ್ಪಣಿ, ಅನುವಾದಗಳು ಅವರ ಕೃತಿಗಳೇ. ಗ್ರಂಥಾಲಯದಲ್ಲಿ ಎರಡು ಸಂಪುಟಗಳೂ ಒಂದೇ ಕಪಾಟಿನಲ್ಲಿರಬಹುದು. ಹಂಚುವವನ ಪಾಲಿಗೆ ಅವು ಬೇರೆ ಬೇರೆ.

೬

ಇಷ್ಟನ್ನು ಓದಿದ ವಿದ್ಯಾರ್ಥಿ, ಇಷ್ಟು ತೊಡಕಾದರೆ ಹಂಚುವ ಗೊಡವೆಯೇ ಬೇಡವೆನ್ನಬಹುದು. ನಮ್ಮ ಅಭಿಪ್ರಾಯ ಅದಕ್ಕೆ ವಿರುದ್ಧವಾದುದು. ಮಾಡಬೇಕಾದುದು ಬಹಳವಿಲ್ಲ. ಕೆಲಸದ ಮೊದಲ ದಿನದಿಂದಲೇ ಒಂದು ಕಡತವನ್ನು ತೆರೆದು ಅದರಲ್ಲಿ ಪ್ರತಿಯೊಂದು ಭಾಗದ ಹೆಸರು, ಆವೃತ್ತಿ, ಕರ್ತೃ, ಪರವಾನಗಿ, ತಾವು ಮಾಡಿದ ತಿದ್ದುಪಡಿ ಇವನ್ನು ಬರೆದಿಡಬೇಕು. ಪರವಾನಗಿಗಳ ಪೂರ್ಣಪಾಠವನ್ನು ತಂತ್ರಾಂಶದೊಡನೆಯೇ ಇಡಬೇಕು. ಲೈಬ್ರರಿ ಆಶ್ರಯಿಸಿರುವ ಲೈಬ್ರರಿಗಳನ್ನೂ ನೋಡಬೇಕು. ಪರವಾನಗಿಯಿಲ್ಲದುದನ್ನು ಕೇಳಿ ಪಡೆಯಬೇಕು ಅಥವಾ ಬಿಡಬೇಕು. ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯನ್ನು ಸಿದ್ಧಪಡಿಸುವವರು ಮಾಡುವ ಕೆಲಸವೂ ಇದೇ. ಕಾಲೇಜುಗಳಲ್ಲಿ ಪ್ರಾಜೆಕ್ಟ್ ವರದಿಗಳನ್ನು ಪರೀಕ್ಷಿಸುವ ಅಧ್ಯಾಪಕರು ಗ್ರಂಥಋಣವನ್ನು ಕೇಳುವಂತೆ ಈ ಕಡತವನ್ನೂ ಕೇಳತೊಡಗಿದರೆ ಒಂದೆರಡು ವರ್ಷಗಳಲ್ಲಿ ಇದು ಅಭ್ಯಾಸವಾದೀತು.

ಈ ನಾಲ್ಕು ತಾಲ್ಲೂಕುಗಳ ಸೀಮೆ ಪಡೆಯುವ ಸೀಮೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರು ಸೆರಾ ಮೇ ವಿಹಾರದಲ್ಲಿ, ಏಷ್ಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್ ಎಂಬ ಯೋಜನೆಗಾಗಿ, ತಮ್ಮ ಧರ್ಮಗ್ರಂಥಗಳನ್ನು ಕಂಪ್ಯೂಟರಿನಲ್ಲಿ ಅಕ್ಷರ ಅಕ್ಷರವಾಗಿ ಮೂಡಿಸಿದರು. ಆ ಪಾಠಗಳು ಲೋಕದ ವಿದ್ವಾಂಸರಿಗೆಲ್ಲ ದೊರೆತವು. ನಮ್ಮ ಶಾಸನಗಳ ಸೂಚಿಯೂ ಹಾಗೆ ಹೊರಗೆ ಹೋಗಬಲ್ಲುದು. ಹೋದಾಗ ಅದರೊಳಗಿರುವ ಎಲ್ಲರ ಹೆಸರೂ ಕಟ್ಟಳೆಯೂ ಅದರೊಡನೆ ಹೋಗಬೇಕು. ಇಲ್ಲವಾದರೆ ಮೈಮ್‌ಮ್ಯಾಜಿಕ್ಕಿಗೆ ಆದಂತೆ ಎಂದೋ ಒಂದು ದಿನ ಅದನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಅಂದು ಅದನ್ನು ನಂಬಿದ ಓದುಗನಿಗೆ ನಾವು ಉತ್ತರ ಹೇಳಲಾರೆವು. ದಾನಮಾಡುವುದಕ್ಕಿಂತ ದಾನವನ್ನು ಪಾಲಿಸುವುದು ಹಿರಿದೆಂಬುದು ನಮ್ಮ ಶಾಸನಗಳು ಮತ್ತೆ ಮತ್ತೆ ಹೇಳಿದ ತತ್ತ್ವ. ಮರುಹಂಚಿಕೆ ಮಾಡುವವನ ಕರ್ತವ್ಯ ಆ ಪಾಲನೆಯೇ.